ಕಾಫಿ ಎಲೆಯ ತುಕ್ಕು ಮತ್ತು ಚಿಕ್ಕಪ್ಪನ ಪ್ರಶ್ನೆ

ದೀಪಾವಳಿ ರಜೆಗೆ ಮೂಡಿಗೆರೆ ಕಡೆಯ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪ ತೋಟದಿಂದ ಒಂದು ಅರೇಬಿಕಾ ಎಲೆ ಕಿತ್ತು ತಂದು, ಮಗುಚಿ ನನ್ನ ಅಂಗೈ ಮೇಲಿಟ್ಟರು. ಉಜ್ಜಿದರೆ ಬೆರಳಿಗೆಲ್ಲ ಕಿತ್ತಳೆ ಬಣ್ಣದ ಪುಡಿ.

‘ಬಯೋಟೆಕ್ನಾಲಜಿ ಓದ್ತಿದ್ದೀಯಲ್ಲ ಮಗಾ, ಇದಕ್ಕೆ ನಿಮ್ಮಲ್ಲಿ ಏನಾದ್ರೂ ಇದೆಯಾ? ಇಲ್ಲಾಂದ್ರೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕ್ಬಿಡ್ತೀನಿ’ ಅಂದರು.

ಇಲ್ಲಿಯವರೆಗೆ ನೆಂಟರು ನನ್ನನ್ನು ಕೇಳುತ್ತಿದ್ದುದು ‘ನಿಮ್ಮ ಬ್ರಾಂಚಿಗೆ ಪ್ಲೇಸ್‌ಮೆಂಟ್ ಇದೆಯಾ’ ಅಂತ ಮಾತ್ರ. ಓದಿದ ವಿಷಯದ ಬಗ್ಗೆಯೇ ಯಾರೋ ಪ್ರಶ್ನೆ ಕೇಳಿದ್ದು ಅದೇ ಮೊದಲು. ಉತ್ತರ ಗೊತ್ತಿರಲಿಲ್ಲ. ಉಳಿದ ರಜೆಯೆಲ್ಲ ಅದನ್ನು ಹುಡುಕುವುದರಲ್ಲೇ ಹೋಯಿತು.

ಆ ಪುಡಿ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣ. ಎಲೆಯ ತಳಭಾಗದ ಉಸಿರುರಂಧ್ರದಿಂದ ಒಳಹೊಕ್ಕು ಎಲೆ ಉದುರಿಸುತ್ತದೆ. ಶ್ರೀಲಂಕಾದಲ್ಲಿ ಇದು ಗುರುತಾಗಿದ್ದು 1869ರಲ್ಲಿ. ಅಲ್ಲಿನ ಕಾಫಿ ತೋಟಗಳು ಹಾಳಾಗಿ, ಆ ಜಾಗಕ್ಕೆ ಚಹಾ ಬಂತು. ನಾವು ಇಂದು ‘ಸಿಲೋನ್ ಟೀ’ ಅನ್ನುವುದರ ಹಿಂದೆ ಈ ತುಕ್ಕೂ ಇದೆ! 2012ರಲ್ಲಿ ಮಧ್ಯ ಅಮೆರಿಕದ ತೋಟಗಳನ್ನು ಹಣಿದದ್ದೂ ಇದೇ ರೋಗ.

ನಮ್ಮವರು ಸುಮ್ಮನೆ ಕೂತಿರಲಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನೂರು ವರ್ಷದಷ್ಟು ಹಳೆಯದು. ತುಕ್ಕಿನಲ್ಲಿ ಒಂದೇ ಜಾತಿಯಲ್ಲ, ಹಲವು ತಳಿಗಳಿವೆ ಎಂಬುದನ್ನು ವಿಜ್ಞಾನಿ ಮೇನ್ ಅಲ್ಲಿಯೇ 1930ರ ದಶಕದಲ್ಲಿ ತೋರಿಸಿದರು. 1940ರ ದಶಕದ ಮಧ್ಯದಲ್ಲಿ ಅಲ್ಲಿಂದಲೇ ಎಸ್.795 ಹೊರಬಂತು. ನಮ್ಮ ತೋಟದ ಹಳೇ ಗಿಡಗಳೆಲ್ಲ ಅದೇ. ಅದರ ಒಬ್ಬ ಪೂರ್ವಜ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ ಗಿಡ. ಎಸ್‌ಎಚ್3 ಎಂಬ ರೋಗನಿರೋಧಕ ಜೀನ್ ಬಂದಿದ್ದು ಆ ಲೈಬೀರಿಕಾ ಕಡೆಯಿಂದ. ಕಾವೇರಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ತಳಿಗಳ ಶಕ್ತಿಯ ಮೂಲ ಬೇರೆ. ತಿಮೋರ್ ದ್ವೀಪದಲ್ಲಿ ಅರೇಬಿಕಾ-ರೋಬಸ್ಟಾ ಬೆರೆತು ಹುಟ್ಟಿದ ಗಿಡ ಅದು.

ಹಾಗಾದರೆ ಎಸ್.795ಕ್ಕೂ ತುಕ್ಕು ಬಂದಿದ್ದು ಯಾಕೆ? ನಿರೋಧಕ ಜೀನ್ ತಯಾರಿಸುವ ಪ್ರೋಟೀನು ಗೇಟಿನ ಕಾವಲುಗಾರನ ಹಾಗೆ. ಶಿಲೀಂಧ್ರದ ಒಂದು ನಿರ್ದಿಷ್ಟ ಗುರುತು ಕಂಡರೆ ಮಾತ್ರ ಗಿಡವನ್ನು ಎಚ್ಚರಿಸುತ್ತದೆ. ಶಿಲೀಂಧ್ರ ಆ ಗುರುತನ್ನೇ ಬದಲಿಸಿಕೊಂಡರೆ ಕಾವಲುಗಾರ ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತಾನೆ. ಹೊಸ ತಳಿ ಬಂದು ಕೆಲವು ವರ್ಷಕ್ಕೆ ‘ಇದಕ್ಕೂ ಬಂತಲ್ಲಪ್ಪ’ ಎಂದು ಬೆಳೆಗಾರರು ಹೇಳುವುದು ಇದಕ್ಕೇ.

ಒಂದೇ ಗಿಡದಲ್ಲಿ ಎರಡು-ಮೂರು ಕಾವಲುಗಾರರನ್ನು ಇಟ್ಟರೆ ಶಿಲೀಂಧ್ರಕ್ಕೆ ಕಷ್ಟ. ಆದರೆ ತೊಡಕು ಇರುವುದೇ ಇಲ್ಲಿ. ಒಂದು ಜೀನ್ ಇರುವ ಸಸಿಗೂ ಎರಡು ಇರುವ ಸಸಿಗೂ ನೋಡಲು ವ್ಯತ್ಯಾಸವಿಲ್ಲ. ರೋಗ ಎರಡಕ್ಕೂ ಬಂದಿಲ್ಲ, ಅಷ್ಟೇ. ಯಾವುದನ್ನು ಉಳಿಸಿಕೊಳ್ಳುವುದು? ಡಿಎನ್‌ಎ ಓದುವ ವಿದ್ಯೆ ಕೆಲಸಕ್ಕೆ ಬರುವುದು ಆಗ. ಬಾಳೆಹೊನ್ನೂರಿನ ವಿಜ್ಞಾನಿಗಳು ಫ್ರಾನ್ಸ್, ಪೋರ್ಚುಗಲ್‌ನವರ ಜೊತೆ ಸೇರಿ, ಎಸ್‌ಎಚ್3 ಜೀನಿನ ಅಕ್ಕಪಕ್ಕ ಮೈಲುಗಲ್ಲಿನಂತೆ ನಿಲ್ಲುವ ಡಿಎನ್‌ಎ ಗುರುತುಗಳನ್ನು 2004ರಲ್ಲಿ ಪ್ರಕಟಿಸಿದರು. ಇಂಥ ಗುರುತು ಇದ್ದರೆ, ನರ್ಸರಿಯಲ್ಲಿರುವಾಗಲೇ ಎಲೆಯ ಚೂರು ಸಾಕು. ಗಿಡ ಫಸಲಿಗೆ ಬಂದು, ರೋಗ ತಗುಲುವವರೆಗೆ ವರ್ಷಗಟ್ಟಲೆ ಕಾಯಬೇಕಿಲ್ಲ.

ಆಮೇಲೆ ಇಡೀ ಜೀನೋಮ್ ಓದುವ ಕೆಲಸ. ರೋಬಸ್ಟಾದ್ದು 2014ರಲ್ಲಿ ಮುಗಿಯಿತು; ಅದರಲ್ಲಿ 25 ಸಾವಿರಕ್ಕೂ ಹೆಚ್ಚು ಜೀನ್‌ಗಳು. ಅರೇಬಿಕಾ ಬಹಳ ಸತಾಯಿಸಿತು. ಅದು ರೋಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಕಾಫಿ ಜಾತಿ ಬೆರೆತು ಹುಟ್ಟಿದ್ದು. 44 ವರ್ಣತಂತುಗಳಲ್ಲಿ ಇಬ್ಬರದ್ದೂ ಪೂರ್ತಿ ಇದೆ. ಯಂತ್ರ ಡಿಎನ್‌ಎಯನ್ನು ತುಂಡು ತುಂಡಾಗಿ ಓದುತ್ತದೆ. ಒಂದೇ ಪಠ್ಯಪುಸ್ತಕದ ಹಳೇ ಮುದ್ರಣ, ಹೊಸ ಮುದ್ರಣ ಎರಡನ್ನೂ ಹರಿದು ಒಂದೇ ಚೀಲಕ್ಕೆ ತುಂಬಿ, ಈಗ ಎರಡೂ ಪುಸ್ತಕ ಜೋಡಿಸಿ ಕೊಡು ಅಂದ ಹಾಗೆ! ಉದ್ದುದ್ದ ತುಂಡು ಓದುವ ಯಂತ್ರ ಬಂದ ಮೇಲೆಯೇ ಇದು ಸುಲಭವಾಗಿದ್ದು. 2024ರಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂದ ಅಧ್ಯಯನದ ಪ್ರಕಾರ ಆ ಬೆರಕೆ ಆಗಿದ್ದು 3.5 ಲಕ್ಷದಿಂದ 6.1 ಲಕ್ಷ ವರ್ಷಗಳ ಹಿಂದೆ. ಆಮೇಲೆ ಅರೇಬಿಕಾದ ವೈವಿಧ್ಯ ಕುಗ್ಗುತ್ತಲೇ ಬಂತು. ರೋಗ ನಿರೋಧಕತೆಗೆ ಕಾರಣವಾಗಿರಬಹುದಾದ ಜಾಗಗಳನ್ನೂ ಅದರಲ್ಲಿ ಗುರುತಿಸಿದ್ದಾರೆ. ‘ಇರಬಹುದಾದ’ ಅನ್ನುವುದನ್ನು ಮರೆಯಬಾರದು. ಅಲ್ಲಿಂದ ತೋಟದ ಗುಂಡಿಯವರೆಗೆ ಇನ್ನೂ ಎಷ್ಟೋ ವರ್ಷದ ಕೆಲಸವಿದೆ.

ಅಂದಹಾಗೆ ಈ ತುಂಡು ಜೋಡಿಸುವ ಕೆಲಸದ ಬಹುಪಾಲು ನಡೆಯುವುದು ಕಂಪ್ಯೂಟರಿನಲ್ಲಿ. ಪೈಥಾನ್ ತರಗತಿಗೆ ಬಂಕ್ ಹೊಡೆಯುತ್ತಿದ್ದ ನಾನು ಈಗ ಮುಂದಿನ ಬೆಂಚಿನಲ್ಲಿದ್ದೇನೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಅರ್ಧ ಗಂಟೆ ಹೇಳಿದೆ. ಮಧ್ಯದಲ್ಲಿ ಎರಡು ಲೋಟ ಕಾಫಿ ಖಾಲಿಯಾಯಿತು. ‘ಅಂದ್ರೆ ಈ ವರ್ಷಕ್ಕೆ ಔಷಧಿ ಇಲ್ಲ ಅಂತಾಯ್ತು’ ಅಂದರು. ಹೌದು ಅಂದೆ. ಬೇರೇನು ಹೇಳಲಿ?

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೆಳಗಿನ ಪಟ್ಟೆಗೆ ರೋಬಸ್ಟಾ, ಮೇಲಿನ ಎರಡು ಎಕರೆ ಅರೇಬಿಕಾ ಹಾಗೇ ಇರಲಿ ಎಂದು ತೀರ್ಮಾನವಾಯಿತು. ಮಳೆಗೆ ಮುಂಚೆ 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿದ ಅದೇ ಹಳೇ ಬೋರ್ಡೋ. ‘ಮೇ ತಿಂಗಳಲ್ಲಿ ಬಾ, ಪೈಪು ಹಿಡಿಯೋಕೆ ಆಳು ಸಿಗ್ತಿಲ್ಲ’ ಅಂದರು. ಎಲೆಯ ತಳಕ್ಕೇ ತಾಗುವ ಹಾಗೆ ಹೊಡೆಯಬೇಕು ಎಂದು ನಾನು ಹೇಳಿದೆ. ‘ಅದು ನಂಗೆ ಗೊತ್ತು ಮಾರಾಯ’ ಎಂದು ನಕ್ಕರು.