ದಾದಿಯ ಶಾಲೆಗೆ ಹೊರಟ ಮಗಳ ಲೆಕ್ಕ



ನಿಮ್ಮ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಮುಂದೆ ನರ್ಸಿಂಗ್ ಸೇರಬೇಕೆಂಬ ಆಸೆಯನ್ನು ಹೇಳಿಕೊಂಡಿದ್ದಾಳೆ. ನಿಮಗೂ ಒಪ್ಪಿಗೆಯೇ. ಆದರೆ ಲೆಕ್ಕವೆಂದರೆ ಅವಳಿಗೆ ಹೆದರಿಕೆ. "ನಾನು ಓದಿದವನಲ್ಲ, ಏನು ಹೇಳಿಕೊಡಲಿ?" ಎಂದು ನೀವು ಸುಮ್ಮನಾಗಿದ್ದೀರಿ. ಹಾಗೆ ಸುಮ್ಮನಾಗಲು ಕಾರಣವಿಲ್ಲ. ಅವಳಿಗೆ ಬೇಕಾದ ಲೆಕ್ಕದಲ್ಲಿ ಬಹುಭಾಗವನ್ನು ನೀವು ಹೊಲದಲ್ಲಿ ಮಾಡುತ್ತಲೇ ಇದ್ದೀರಿ.

ಮೊದಲು ಪರೀಕ್ಷೆಯ ಮಾತು. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಲು ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬರೆಯಬೇಕು. ಗಣಿತದ ಪತ್ರಿಕೆ ಬೇಕಿಲ್ಲವಲ್ಲ ಎಂದು ಮಕ್ಕಳು ಹಿಗ್ಗುತ್ತಾರೆ. ಆದರೆ ಭೌತ, ರಸಾಯನಗಳ ಎಷ್ಟೋ ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಗುಣಾಕಾರ ಭಾಗಾಕಾರಗಳಲ್ಲಿಯೇ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪಶ್ಚಿಮ ಬಂಗಾಳದ ನರ್ಸಿಂಗ್ ಪ್ರವೇಶ ಪರೀಕ್ಷೆಯಲ್ಲಂತೂ ಸರಳ ಗಣಿತವೇ ಒಂದು ಭಾಗವಾಗಿದೆ. ಪರೀಕ್ಷೆಯ ಮಾತು ಹೇಗೇ ಇರಲಿ, ಶಾಲೆ ಸೇರಿದ ಮೇಲೆ ಔಷಧ ಅಳೆಯುವ ಲೆಕ್ಕ ಯಾರಿಗೂ ತಪ್ಪಿದ್ದಲ್ಲ.

ಸಿಂಪರಣೆಯ ಪಂಪಿನಿಂದಲೇ ಆರಂಭಿಸೋಣ. ಲೀಟರ್ ನೀರಿಗೆ 2 ಮಿಲಿ ಔಷಧ ಬೆರೆಸಬೇಕು. ನಿಮ್ಮ ಬೆನ್ನಿನ ಪಂಪು 16 ಲೀಟರಿನದು. 32 ಮಿಲಿ ಎಂದು ನೀವು ಬಾಯಲ್ಲೇ ಹೇಳಿಬಿಡುತ್ತೀರಿ. ಇದನ್ನೇ ಮಗಳ ಪುಸ್ತಕದಲ್ಲಿ ಅನುಪಾತವೆಂದು ಕರೆದಿದ್ದಾರೆ. ಅಲ್ಲಿನ ಲೆಕ್ಕ ಹೀಗಿರುತ್ತದೆ: ಒಂದು ಸಿರಪ್ಪಿನ 5 ಮಿಲಿಯಲ್ಲಿ 125 ಮಿಲಿಗ್ರಾಂ ಔಷಧವಿದೆ, ಮಗುವಿಗೆ 150 ಮಿಲಿಗ್ರಾಂ ಕೊಡಬೇಕು, ಎಷ್ಟು ಮಿಲಿ ಅಳೆಯಬೇಕು? ಒಂದು ಮಿಲಿಯಲ್ಲಿ ಎಷ್ಟಿದೆ ಎಂದು ಮೊದಲು ನೋಡಲಿ. 125ನ್ನು 5ರಿಂದ ಭಾಗಿಸಿದರೆ 25. 150ರಲ್ಲಿ ಅಂಥ 25 ಎಷ್ಟು? ಆರು. ಆದ್ದರಿಂದ 6 ಮಿಲಿ. ಅದೇ ಸಿರಪ್ಪು 5 ಮಿಲಿಗೆ 250 ಮಿಲಿಗ್ರಾಂ ಇರುವ ಬಾಟಲಿಯಲ್ಲಿ ಬಂದರೆ 3 ಮಿಲಿ ಸಾಕು. ಒಂದೇ ಔಷಧ ಎರಡು ಬಲದಲ್ಲಿ ಮಾರಾಟವಾಗುವುದುಂಟು. ಬಾಟಲಿಯ ಚೀಟಿ ಓದದೆ ಹಿಂದಿನ ಅಳತೆಯನ್ನೇ ಹಾಕಿದವಳು ಮಗುವಿಗೆ ದುಪ್ಪಟ್ಟು ಕುಡಿಸಿದಂತಾಯಿತು. ಇದು ಲೆಕ್ಕದ ಅಭ್ಯಾಸಕ್ಕೆ ಹೇಳಿದ ಮಾತು. ಮನೆಯಲ್ಲಿ ಔಷಧ ಕೊಡುವಾಗ ವೈದ್ಯರು ಹೇಳಿದ ಅಳತೆಯೇ ಅಳತೆ.

ಇನ್ನು ದಶಾಂಶದ ಚುಕ್ಕೆ. ಇದರ ಮೇಲೆ ಹೆಚ್ಚು ಕಾಲ ಕಳೆದರೂ ನಷ್ಟವಿಲ್ಲ. 1957ರಲ್ಲಿ ನಯಾ ಪೈಸೆ ಬಂದಾಗ, 1958ರಿಂದ ಕಿಲೋಗ್ರಾಂ ಬಂದಾಗ, ಸೇರು ತೊಲಗಳಿಗೆ ಒಗ್ಗಿದ್ದ ನಮ್ಮ ಹಿರಿಯರಿಗೆ ಈ ಹತ್ತರ ಲೆಕ್ಕ ಹೊಸತು. ಅದು ಸುಲಭವೇನೋ ಹೌದು, ಆದರೆ ಅಷ್ಟೇ ಮೋಸದ್ದು. ಚುಕ್ಕೆ ಒಂದು ಮನೆ ಸರಿದರೆ ಹತ್ತು ಪಟ್ಟು ಹೆಚ್ಚು ಕಡಿಮೆ. ಆದ್ದರಿಂದಲೇ ದಾದಿಯರಿಗೆ ಒಂದು ಕಟ್ಟುನಿಟ್ಟು ಕಲಿಸುತ್ತಾರೆ: ಅರ್ಧವನ್ನು 0.5 ಎಂದು ಬರೆಯಬೇಕು, ಬರಿಯ .5 ಎಂದಲ್ಲ, ಐದನ್ನು 5 ಎಂದೇ ಬರೆಯಬೇಕು, 5.0 ಎಂದಲ್ಲ. ಚುಕ್ಕೆ ಮಾಸಿದರೆ ಮೊದಲನೆಯದು ಐದಾಗುತ್ತದೆ, ಎರಡನೆಯದು ಐವತ್ತಾಗುತ್ತದೆ. ಸಿಂಪರಣೆ ಬಿಗಿಯಾದರೆ ಎಲೆ ಸುಟ್ಟು ಒಂದು ಬೆಳೆ ಹೋದೀತು, ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಹಾಸಿಗೆಯಲ್ಲಿ ಮಲಗಿದ ಕೂಸಿಗೆ ಮುಂದಿನ ಮಳೆಯಿಲ್ಲ. ಗ್ರಾಮಿಗೆ ಸಾವಿರ ಮಿಲಿಗ್ರಾಂ, ಮಿಲಿಗ್ರಾಮಿಗೆ ಸಾವಿರ ಮೈಕ್ರೋಗ್ರಾಂ ಎಂಬುದು ನಿದ್ದೆಯಲ್ಲಿ ಕೇಳಿದರೂ ಅವಳ ಬಾಯಿಗೆ ಬರಬೇಕು.

ಶೇಕಡಾ ಲೆಕ್ಕಕ್ಕೆ ಡೇರಿಯ ಚೀಟಿ ಸಾಕು. 10 ಕಿಲೋ ಹಾಲಿಗೆ ಜಿಡ್ಡು 4 ಎಂದಿದ್ದರೆ 400 ಗ್ರಾಂ ಜಿಡ್ಡು. ಆಸ್ಪತ್ರೆಯ ಸಲೈನ್ ಶೇಕಡಾ 0.9ರದು, 100 ಮಿಲಿಯಲ್ಲಿ 0.9 ಗ್ರಾಂ ಉಪ್ಪು. ಅರ್ಧ ಲೀಟರಿನ ಬಾಟಲಿಯಲ್ಲಿ ಎಷ್ಟು? ನಾಲ್ಕೂವರೆ ಗ್ರಾಂ.

ಹನಿ ನೀರಾವರಿ ಮಾಡಿದವರಿಗೆ ಡ್ರಿಪ್ಪಿನ ಲೆಕ್ಕವೂ ಹೊಸದಲ್ಲ. 500 ಮಿಲಿ ದ್ರವ 4 ಗಂಟೆಯಲ್ಲಿ ರೋಗಿಯ ಮೈಗೆ ಇಳಿಯಬೇಕು; ಕೊಳವೆಯಲ್ಲಿ ಒಂದು ಮಿಲಿಗೆ 20 ಹನಿ. ಒಟ್ಟು ಹನಿ 10,000, ನಿಮಿಷ 240. ಭಾಗಿಸಿದರೆ ನಿಮಿಷಕ್ಕೆ 42 ಹನಿಯ ಸುಮಾರು. ದಾದಿ ಗಡಿಯಾರ ಹಿಡಿದು ಹನಿ ಎಣಿಸಿ ಕೀಲನ್ನು ತಿರುವುತ್ತಾಳೆ.

ಅಭ್ಯಾಸ ಹೇಗೆ? ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ತಪ್ಪಬಾರದು. ಇಪ್ಪತ್ತರವರೆಗಿನ ಮಗ್ಗಿ, ಅದರ ಜೊತೆಗೆ ಅಜ್ಜ ಕಲಿತಿದ್ದ ಕಾಲು, ಅರೆ, ಮುಕ್ಕಾಲರ ಮಗ್ಗಿ. ಔಷಧದಂಗಡಿಯಿಂದ ಸೂಜಿಯಿಲ್ಲದ ಒಂದು ಸಿರಿಂಜು ತಂದು ನೀರಿನಲ್ಲಿ ಅಳೆದು ನೋಡಲಿ. ಚಮಚವೆಂದರೆ 5 ಮಿಲಿ ಎಂದು ಪುಸ್ತಕ ಹೇಳುತ್ತದೆ. ನಿಮ್ಮ ಅಡಿಗೆಮನೆಯ ಚಮಚಗಳನ್ನು ಅಳೆದರೆ ಒಂದರಂತೆ ಒಂದಿರುವುದಿಲ್ಲ. ಕೀಟನಾಶಕದ ಅಳತೆಯ ಲೋಟವನ್ನು ಮಾತ್ರ ಈ ಆಟಕ್ಕೆ ತರಬೇಡಿ, ಮನೆಯೊಳಕ್ಕೂ ತರಬೇಡಿ. ಲೆಕ್ಕ ಮಾಡುವ ಮೊದಲು ಉತ್ತರ ಹೆಚ್ಚೋ ಕಡಿಮೆಯೋ ಎಂದು ಅಂದಾಜು ಹೇಳಿಸಿ. 500 ಮಿಲಿಗ್ರಾಮಿನ ಮಾತ್ರೆ ಕೈಯಲ್ಲಿದೆ, ಕೊಡಬೇಕಾದದ್ದು 250 ಎಂದ ಮೇಲೆ ಎರಡು ಮಾತ್ರೆಯೆಂಬ ಉತ್ತರ ಬಂದರೆ ಭಾಗಾಕಾರ ತಲೆಕೆಳಗಾಗಿದೆಯೆಂದು ಅವಳಿಗೇ ತಿಳಿಯಬೇಕು. ಅಂದಾಜು ಕಟ್ಟುವುದರಲ್ಲಿ ನಿಮಗಿಂತ ಒಳ್ಳೆಯ ಗುರು ಸಿಗಲಾರನು.

ಒಂದು ಮಾತು ಕಟುವಾದರೂ ಹೇಳಲೇಬೇಕು. ಮಗ ಓದಲು ಕುಳಿತರೆ ಯಾರೂ ಕರೆಯುವುದಿಲ್ಲ. ಮಗಳು ಕುಳಿತ ಕೂಡಲೇ ಒಲೆ, ಪಾತ್ರೆ, ಕರು ಎಲ್ಲವೂ ನೆನಪಾಗುತ್ತವೆ. ಆ ಅರ್ಧ ಗಂಟೆ ಅವಳನ್ನು ಕರೆಯಬೇಡಿ. ನೀವೇ ಪಕ್ಕದಲ್ಲಿ ಕುಳಿತು ಇಂದು ರಾತ್ರಿ ಈ ಲೆಕ್ಕ ಕೇಳಿ: ಒಂದು ಲೀಟರ್ ದ್ರವ, 8 ಗಂಟೆ, ಮಿಲಿಗೆ 15 ಹನಿ, ನಿಮಿಷಕ್ಕೆ ಎಷ್ಟು? 31 ಎಂದರೆ ಸರಿ.