ನೂರು ಮೀಟರಿನ ಆಚೆ

ಉಡುಪಿ ಬಳಿಯ ಉದ್ಯಾವರದ ನೆಲ ಉದ್ದುದ್ದಕ್ಕೆ ಚಾಚಿಕೊಂಡದ್ದು. ಒಂದು ಕಡೆ ಕಡಲು, ಅದರ ಮಗ್ಗುಲಲ್ಲೇ ಪಾಪನಾಶಿನಿ ಹೊಳೆ, ಈಚೆ ಬದಿಗೆ ರಾಷ್ಟ್ರೀಯ ಹೆದ್ದಾರಿ 66. ಈ ಮೂರರ ನಡುವೆ ಮೀನಿನ ಕಾರ್ಖಾನೆಗಳು, ದೇವಸ್ಥಾನ, ಇಗರ್ಜಿ, ಶಾಲೆ, ತೆಂಗಿನ ತೋಟದೊಳಗಿನ ಮನೆಗಳು. ಇಂಥ ಊರಿನಲ್ಲಿ ಗೇಟಿನಿಂದ ಕಚೇರಿಯ ಮೇಜಿಗೆ ನೂರು ಮೀಟರ್ ಮೀರುವುದು ಅಪರೂಪವೇನಲ್ಲ. ಸಿಸಿಟಿವಿ ಹಾಕಿಸುವವರು ಮೊದಲು ವಿಚಾರಿಸುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು. ಕೆಲಸ ಬಲ್ಲವನು ಮೊದಲು ನೋಡುವುದು ದೂರವನ್ನು. ಇಂದಿನ ಕ್ಯಾಮೆರಾಗಳಿಗೆ ಹಾಕುವ ತಾಮ್ರದ ನೆಟ್‌ವರ್ಕ್ ಕೇಬಲ್ಲಿಗೆ ನೂರು ಮೀಟರಿನ ಮಿತಿ ಇದೆ. ಅದರಾಚೆಗೆ ಚಿತ್ರ ತಡವರಿಸುತ್ತದೆ, ಕೊನೆಗೆ ನಿಂತೇಹೋಗುತ್ತದೆ.

ಆ ನೂರು ಮೀಟರಿನ ಆಚೆಗೆ ದಾಟಿಸಲು ಕಂಬದ ಮೇಲಿನ ಡಬ್ಬಿಯೊಳಗೆ ಅಂಗೈಯಗಲದ ಒಂದು ಸ್ವಿಚ್ ಕೂತಿರುತ್ತದೆ. ಒಂದು ಬದಿಯಲ್ಲಿ ತಾಮ್ರದ ನಾಲ್ಕೋ ಎಂಟೋ ಪೋರ್ಟು, ಇನ್ನೊಂದು ಬದಿಯಲ್ಲಿ ಗಾಜಿನ ಎಳೆಗೆ, ಅಂದರೆ ಫೈಬರಿಗೆ, ಒಂದೆರಡು ಕಿಂಡಿ. ಕ್ಯಾಮೆರಾಗಳು ತಾಮ್ರದ ಕಡೆಯಿಂದ ಕರೆಂಟು ಪಡೆದು ಚಿತ್ರ ಕೊಡುತ್ತವೆ. ಆ ಚಿತ್ರ ಬೆಳಕಾಗಿ ಗಾಜಿನ ಕಡೆಯಿಂದ ಹೊರಡುತ್ತದೆ. ಕಣ್ಣಿಗೆ ಬೀಳುವುದು ಕ್ಯಾಮೆರಾ ಮಾತ್ರ, ಆದರೆ ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಈ ಪೆಟ್ಟಿಗೆಯಲ್ಲಿ. ಇದನ್ನು ಯಾರೋ ಒಬ್ಬರು ಒಂದು ದಿನ ಕೂತು ಕಂಡುಹಿಡಿದದ್ದಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಉದ್ದೇಶಕ್ಕೆ ನಡೆದ ಕೆಲಸಗಳು ನಿಧಾನವಾಗಿ ಬಂದು ಇದರಲ್ಲಿ ಕೂಡಿಕೊಂಡವು.

ಮೊದಲ ಎಳೆ ಕಡಲಿನದೇ. ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಬೆಸೆದರು. ಎಲ್ಲರಿಗೂ ಇದ್ದದ್ದು ಒಂದೇ ಅಲೆ. ಇಬ್ಬರು ಒಟ್ಟಿಗೆ ಮಾತಾಡಿ ಮಾತು ಕೆಟ್ಟರೆ, ಸ್ವಲ್ಪ ತಡೆದು ಇಬ್ಬರೂ ಮತ್ತೆ ಪ್ರಯತ್ನಿಸಬೇಕು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್ಕಾಫ್ ಈ ಉಪಾಯವನ್ನು ರೇಡಿಯೋದಿಂದ ತಂತಿಗೆ ಇಳಿಸಿದರು. 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಲ್ಲಿ ಈಥರ್‌ನೆಟ್ ಎಂಬ ಹೆಸರು ಇದೆ. ಡೇವಿಡ್ ಬಾಗ್ಸ್ ಜೊತೆ ಸೇರಿ ಅವರು ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಆಗಿನ ಕೇಬಲ್ ದಪ್ಪನೆಯ ಕೊಆಕ್ಸಿಯಲ್. 1990ರಲ್ಲಿ ಅದರ ಜಾಗಕ್ಕೆ ಟೆಲಿಫೋನಿನಂಥ ಜೋಡಿ ಹೆಣೆದ ತೆಳು ತಂತಿ ಬಂತು, ಅದರೊಂದಿಗೆ ನೂರು ಮೀಟರಿನ ಲೆಕ್ಕವೂ ಬಂತು. ಕಚೇರಿ ಕಟ್ಟಡವನ್ನು ಎದುರಿಗಿಟ್ಟುಕೊಂಡು ಹಾಕಿದ ಲೆಕ್ಕ ಅದು: ಪ್ರತಿ ಮಹಡಿಯಲ್ಲಿ ಒಂದು ತಂತಿಗಳ ಕೋಣೆ, ಅಲ್ಲಿಂದ ಮೇಜುಗಳಿಗೆ ತಂತಿ. ಹೊಳೆ ದಂಡೆಯ ಐಸ್ ಪ್ಲಾಂಟು ಯಾರ ಮನಸ್ಸಿನಲ್ಲೂ ಇರಲಿಲ್ಲ.

ಅದೇ 1990ರಲ್ಲಿ ಇನ್ನೊಂದು ಬದಲಾವಣೆಯೂ ನಡೆಯಿತು. ಅಲ್ಲಿಯವರೆಗೆ ಕಂಪ್ಯೂಟರುಗಳನ್ನು ಕೂಡಿಸುತ್ತಿದ್ದ ಹಬ್ ಎಂಬ ಪೆಟ್ಟಿಗೆ ಒಬ್ಬರು ಹೇಳಿದ್ದನ್ನು ಎಲ್ಲರಿಗೂ ಕೂಗಿ ಹೇಳುತ್ತಿತ್ತು. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸಿಲಿಕಾನ್ ಕಣಿವೆಯಲ್ಲಿ ಕಟ್ಟಿದ ಕಂಪನಿ ಏಳು ಪೋರ್ಟುಗಳ ಸ್ವಿಚ್ ಮಾರುಕಟ್ಟೆಗೆ ತಂದಿತು. ಕಂಪನಿಗೆ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಇಟ್ಟಿದ್ದರು: ಕಲ್ಪನಾ. ಆ ಸ್ವಿಚ್ ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂಬುದನ್ನು ಕಲಿತುಕೊಂಡು, ಬಂದದ್ದನ್ನು ಸೇರಬೇಕಾದವರಿಗೆ ಮಾತ್ರ ತಲುಪಿಸುತ್ತಿತ್ತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು.

ಕ್ಯಾಮೆರಾಕ್ಕೆ ಈ ಬದಲಾವಣೆ ಏಕೆ ದೊಡ್ಡದು? ಕಚೇರಿಯ ಕಂಪ್ಯೂಟರು ಆಗೊಮ್ಮೆ ಈಗೊಮ್ಮೆ ಮಾತಾಡುತ್ತದೆ. ಕ್ಯಾಮೆರಾ ಹಗಲೂ ರಾತ್ರಿ ಬಾಯಿ ಮುಚ್ಚುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್, 30 ದಿನಕ್ಕೆ 1.3 ಟೆರಾಬೈಟ್ ತುಂಬಿಸುತ್ತದೆ. ಅಂಥ ಎಂಟು ಕ್ಯಾಮೆರಾಗಳು ಒಂದೇ ತಂತಿಯಲ್ಲಿ ಸರದಿಗಾಗಿ ಗುದ್ದಾಡಿದರೆ ಯಾವ ಚಿತ್ರವೂ ಇಡಿಯಾಗಿ ತಲುಪದು.

ಗಾಜಿನ ಕಥೆ ಇದಕ್ಕಿಂತ ಹಳೆಯದು, ನನಗೆ ಹೆಚ್ಚು ಇಷ್ಟವಾದದ್ದೂ ಹೌದು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ, 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಎಳೆಗಳ ಹುಟ್ಟಿನಲ್ಲೇ ಚಿತ್ರವಿತ್ತು ಎಂಬುದು ಈ ಕಥೆಯಲ್ಲಿ ಗಮನಿಸಬೇಕಾದ್ದು. ಆದರೆ ಆಗಿನ ಗಾಜು ಕೆಲವೇ ಮೀಟರಿನಲ್ಲಿ ಬೆಳಕನ್ನು ನುಂಗಿಬಿಡುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್. ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ದೂರಸಂಪರ್ಕಕ್ಕೆ ಸಾಕು ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು ವಿಜ್ಞಾನಿಗಳು ಆ ಗಡಿ ದಾಟಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಎಳೆಯಲ್ಲಿ ಕಿಲೋಮೀಟರಿಗೆ ಉಳಿಯುವುದು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು. ಉದ್ಯಾವರದಿಂದ ಉಡುಪಿ ಪೇಟೆಗೆ ಬೆಳಕು ಸಲೀಸಾಗಿ ಮುಟ್ಟುತ್ತದೆ. ಕಾರ್ಕಳದವರೆಗೂ ನಡುವೆ ಎಲ್ಲೂ ನಿಲ್ಲದೆ ಕಳಿಸಬಲ್ಲ ಮಾಡ್ಯೂಲುಗಳು ಸಿಗುತ್ತವೆ.

ಗಾಜಿನ ಈ ದಂಧೆಯಲ್ಲಿ ಕನ್ನಡ ನೆಲದವರ ಪಾಲೂ ಇದೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ 1998ರಲ್ಲಿ ಸೈಕಮೋರ್ ನೆಟ್‌ವರ್ಕ್ಸ್ ಕಟ್ಟಿದರು. ಅವರ ಬೆಂಬಲದಿಂದ 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ತೇಜಸ್ ನೆಟ್‌ವರ್ಕ್ಸ್ ಬೆಳಕಿನ ಜಾಲಗಳ ಉಪಕರಣಗಳನ್ನು ಇಲ್ಲೇ ವಿನ್ಯಾಸ ಮಾಡುತ್ತಾ ಬಂದಿದೆ. ಆದರೆ ಕಂಬದ ಮೇಲಿನ ನಮ್ಮ ಪೆಟ್ಟಿಗೆಗೆ ಹತ್ತಿರದ ನೆಂಟ ಅದಕ್ಕೂ ಮೊದಲಿನದು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ 128 ಸಾಲುಗಳ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿತು. ಅದು 1986ರಲ್ಲಿ ಪ್ರಯೋಗಕ್ಕೆ ಇಳಿದದ್ದು ನಮ್ಮ ಕಿತ್ತೂರಿನಲ್ಲಿ. ಹೊರಗಿನಿಂದ ತರಿಸುತ್ತಿದ್ದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದು ಎ.ಸಿ. ಇಲ್ಲದೆ, ಧೂಳು ಸೆಕೆಗಳ ನಡುವೆ, ಕಡಿಮೆ ಕರೆಂಟಿನಲ್ಲಿ ನಡೆಯಬೇಕೆಂದೇ ಮಾಡಿದ್ದು. ಯಂತ್ರಕ್ಕಾಗಿ ಊರನ್ನು ಬದಲಿಸುವ ಬದಲು ಊರನ್ನು ನೋಡಿ ಯಂತ್ರ ಮಾಡುವ ಆ ಬುದ್ಧಿಗೆ ನಮ್ಮ ದೂರಸಂಪರ್ಕದ ಚರಿತ್ರೆಯಲ್ಲಿ ಸಿಕ್ಕಿರುವ ಗೌರವ ಕಡಿಮೆ ಎಂದೇ ನನ್ನ ಭಾವನೆ.

ಇನ್ನು ಕ್ಯಾಮೆರಾ. ಸ್ವೀಡನ್ನಿನ ಆಕ್ಸಿಸ್ ಕಂಪನಿ 1996ರಲ್ಲಿ ನೆಟ್‌ವರ್ಕಿಗೆ ನೇರ ಸಿಕ್ಕಿಸುವ ಮೊದಲ ಕ್ಯಾಮೆರಾ ಹೊರತಂದಾಗ ಪೂರ್ಣ ಗಾತ್ರದ ಒಂದು ಚಿತ್ರ ಬರಲು 17 ಸೆಕೆಂಡು ಬೇಕಿತ್ತು. ಕಳ್ಳ ಬಂದು ಹೋಗಲು ಅಷ್ಟು ಸಾಕು. ವೇಗ ಬೇಗನೆ ಸುಧಾರಿಸಿತು, ಕರೆಂಟಿನ ತಾಪತ್ರಯ ಮಾತ್ರ ಉಳಿಯಿತು. ಪ್ರತಿ ಕ್ಯಾಮೆರಾಕ್ಕೂ ಒಂದು ಅಡಾಪ್ಟರು, ಅದಕ್ಕೊಂದು ಪ್ಲಗ್ಗು, ಮಳೆಗಾಲದಲ್ಲಿ ಅದರೊಳಗೆ ನೀರು. 2003ರಲ್ಲಿ ಬಂದ ಮಾನದಂಡ ಅದೇ ನೆಟ್‌ವರ್ಕ್ ತಂತಿಯಲ್ಲಿ ಪೋರ್ಟಿಗೆ 15.4 ವ್ಯಾಟ್ ಕಳಿಸಲು ದಾರಿ ಮಾಡಿತು, 2009ರದ್ದು ಅದನ್ನು 30ಕ್ಕೆ ಏರಿಸಿತು. ಇದೇ ಹೊತ್ತಿನಲ್ಲಿ ಗಾಜಿನ ಕಡೆಯ ಬೆಳಕಿನ ಭಾಗವೂ ಬೆರಳುದ್ದಕ್ಕೆ ಕುಗ್ಗಿ, ಎಸ್‌ಎಫ್‌ಪಿ ಎಂಬ ಬಿಡಿ ಮಾಡ್ಯೂಲಾಯಿತು. ಅರ್ಧ ಕಿಲೋಮೀಟರಿಗೆ ಒಂದು, ಹತ್ತು ಕಿಲೋಮೀಟರಿಗೆ ಇನ್ನೊಂದು ಎಂದು ದೂರಕ್ಕೆ ತಕ್ಕ ಹಾಗೆ ಬದಲಿಸಬಹುದು. ಅಲ್ಲಿಯವರೆಗೆ ಕಂಬದ ಡಬ್ಬಿಯಲ್ಲಿ ಸ್ವಿಚ್ ಬೇರೆ, ತಾಮ್ರವನ್ನು ಗಾಜಿಗೆ ದಾಟಿಸುವ ಮೀಡಿಯಾ ಕನ್ವರ್ಟರ್ ಬೇರೆ, ಕರೆಂಟು ತುಂಬುವ ಇಂಜೆಕ್ಟರ್ ಬೇರೆ ಇರುತ್ತಿದ್ದವು. ಮೂರಕ್ಕೂ ಮೂರು ಅಡಾಪ್ಟರು. ಇವು ಒಂದಾದಾಗ ಹುಟ್ಟಿದ್ದೇ ಈ ಪುಟ್ಟ ಸ್ವಿಚ್.

ಒಂದಾದ ಮೇಲೂ ಅದಕ್ಕೆ ಅದರದೇ ರೋಗಗಳಿವೆ. ಹಗಲೆಲ್ಲ ಸರಿಯಿದ್ದ ಕ್ಯಾಮೆರಾ ಕತ್ತಲಾದ ಕೂಡಲೇ ಆರಿ ಹೊತ್ತಿ ಮಾಡತೊಡಗಿದರೆ ಹೆಚ್ಚಿನವರು ಕ್ಯಾಮೆರಾವನ್ನೇ ದೂರುತ್ತಾರೆ. ರಾತ್ರಿ ನೋಡಲೆಂದು ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿದಾಗ ಕರೆಂಟು ಹೆಚ್ಚು ಬೇಕು. ಎಂಟು ಪೋರ್ಟಿಗೆ ತಲಾ 15.4 ವ್ಯಾಟ್ ಎಂದರೆ 123 ವ್ಯಾಟ್. ಅಗ್ಗದ ಸ್ವಿಚ್ಚಿನೊಳಗಿನ ಪವರ್ ಸಪ್ಲೈ ಒಟ್ಟಾರೆ ಅದರ ಅರ್ಧ ಕೊಡುವುದೂ ಉಂಟು. ಕೊಳ್ಳುವಾಗ ಪೋರ್ಟುಗಳ ಸಂಖ್ಯೆಯ ಜೊತೆ ಈ ಒಟ್ಟು ವ್ಯಾಟಿನ ಅಂಕಿಯನ್ನೂ ಓದಬೇಕು.

ಕರಾವಳಿಯದು ಬೇರೆಯೇ ಪರೀಕ್ಷೆ. ಮುಂಗಾರಿಗೆ ಮುಂಚಿನ ಮೇ ತಿಂಗಳ ಸಂಜೆಗಳು, ಮಳೆ ತೆರಳುವ ಅಕ್ಟೋಬರ್ ನವೆಂಬರಿನ ಮಧ್ಯಾಹ್ನಗಳು ಗುಡುಗು ಮಿಂಚಿನವು. ಮೋಡ ಗುಡುಗಿದ ಕೂಡಲೇ ಟಿವಿ, ಮೋಡೆಮ್ಮುಗಳ ಪ್ಲಗ್ ಕೀಳುವುದು ಇಲ್ಲಿಯ ಮನೆಗಳ ರೂಢಿ. ಕಂಬದ ಮೇಲಿನ ಪ್ಲಗ್ಗನ್ನು ಕೀಳುವವರು ಯಾರು? ಸಿಡಿಲು ಎಲ್ಲೋ ಪಕ್ಕದ ತೋಟಕ್ಕೆ ಬಿದ್ದರೂ ಉದ್ದದ ತಾಮ್ರದ ತಂತಿಯಲ್ಲಿ ವಿದ್ಯುತ್ತಿನ ಹೊಡೆತ ಹುಟ್ಟಿ, ಎರಡೂ ತುದಿಯ ಉಪಕರಣಗಳು ಸುಟ್ಟುಹೋಗಬಹುದು. ಗಾಜಿನಲ್ಲಿ ಕರೆಂಟು ಹರಿಯದು. ಗೇಟಿನ ಕಂಬಕ್ಕೂ ಕಚೇರಿಗೂ ನಡುವೆ ಗಾಜಿದ್ದರೆ ಕಂಬದ ನಷ್ಟ ಕಂಬದಲ್ಲೇ ನಿಲ್ಲುತ್ತದೆ, ಕಚೇರಿಯ ರೆಕಾರ್ಡರಿನಲ್ಲಿರುವ ತಿಂಗಳ ಚಿತ್ರಗಳು ಉಳಿಯುತ್ತವೆ. ಆದ್ದರಿಂದ ಇಲ್ಲಿ ನೂರು ಮೀಟರಿಗಿಂತ ಕಡಿಮೆ ದೂರಕ್ಕೂ ಗಾಜನ್ನೇ ಹಾಕಿ ಎನ್ನುತ್ತೇನೆ. ಒಂದು ಎಚ್ಚರಿಕೆ: ಹೆಗ್ಗಣ ಕಡಿಯದಿರಲೆಂದು ಉಕ್ಕಿನ ಹೊದಿಕೆ ಹಾಕಿದ ಫೈಬರ್ ಕೇಬಲ್ಲಾದರೆ ಆ ಉಕ್ಕನ್ನು ಸರಿಯಾಗಿ ಅರ್ತ್ ಮಾಡಬೇಕು, ಇಲ್ಲವಾದರೆ ಸಿಡಿಲಿಗೆ ಅದೇ ದಾರಿ.

ಉಪ್ಪುಗಾಳಿಯ ಕೆಲಸ ಸದ್ದಿಲ್ಲದ್ದು. ಕ್ಯಾಮೆರಾ ನಡೆಯುವಷ್ಟು ಹೊತ್ತೂ ಕನೆಕ್ಟರಿನ ಪಿನ್ನುಗಳ ನಡುವೆ ಸುಮಾರು 48 ವೋಲ್ಟ್ ಇರುತ್ತದೆ. ತೇವ ಸೇರಿದರೆ ಲೋಹ ಬೇಗ ಸವೆದು ಹಸಿರು ಕಿಲುಬು ಹಿಡಿಯುತ್ತದೆ. ಗಾಜಿಗೆ ಕಿಲುಬಿಲ್ಲ, ಆದರೆ ದೂರಕ್ಕೆ ಹಾಕುವ ಎಳೆಯಲ್ಲಿ ಬೆಳಕು ಹೋಗುವ ತಿರುಳು ಸುಮಾರು ಒಂಬತ್ತು ಮೈಕ್ರಾನ್ ಅಗಲದ್ದು, ಕೂದಲಿನ ಎಷ್ಟೋ ಪಾಲು ಸಣ್ಣದು. ತುದಿಗೆ ಕೂತ ಒಂದು ಧೂಳಿನ ಕಣ ಸಾಕು ದಾರಿ ಕಟ್ಟಲು. ಒಂದೇ ಎಳೆಯಲ್ಲಿ ಎರಡು ಬಣ್ಣದ ಬೆಳಕು ಎದುರುಬದುರಾಗಿ ಓಡುವ ಮಾಡ್ಯೂಲುಗಳಲ್ಲಿ ಎರಡೂ ತುದಿಗೆ ಒಂದೇ ಬಗೆಯದ್ದನ್ನು ಸಿಕ್ಕಿಸಿ, ದೀಪ ಏಕೆ ಹೊತ್ತುವುದಿಲ್ಲವೆಂದು ಅರ್ಧ ದಿನ ಹುಡುಕುವುದೂ ನಡೆಯುತ್ತದೆ.

ಇಷ್ಟು ಜತನದಿಂದ ಸಾಗಿಸುವುದು ಜನರ ಚಲನವಲನವನ್ನು. ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ಚಿತ್ರಗಳನ್ನು 30 ದಿನ ಇಡಬೇಕು ಎಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಹೇಳುತ್ತದೆ. ಪೊಲೀಸ್ ಠಾಣೆಗಳೊಳಗೇ ಕ್ಯಾಮೆರಾ ಇರಲಿ ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು, ಬಂಧನದಲ್ಲಿರುವವರ ರಕ್ಷಣೆಗಾಗಿ. ಆ ಕಾಯ್ದೆಯ ವರ್ಷವೇ, ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪೂ ಬಂತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾಯ್ದೆಯೂ ತೀರ್ಪೂ ಎದುರಾಗುವ ಜಾಗ ಕೋರ್ಟಿನಷ್ಟೇ ರಸ್ತೆ ಬದಿಯ ಕಂಬವೂ ಹೌದು. ಬೀಗವಿಲ್ಲದ ಡಬ್ಬಿಯಲ್ಲಿ ಖಾಲಿ ಉಳಿದ ಒಂದು ಪೋರ್ಟಿಗೆ ಯಾರಾದರೂ ಲ್ಯಾಪ್‌ಟಾಪ್ ಸಿಕ್ಕಿಸಿದರೆ, ತಡೆ ಹಾಕಿರದ ಜಾಲ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ತಯಾರಕರು ಇಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೆಕಾರ್ಡರುಗಳನ್ನು ಜಗತ್ತಿನಾದ್ಯಂತ ವಶಕ್ಕೆ ತೆಗೆದುಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತ್ತು. ಕ್ಯಾಮೆರಾಗಳು ಭದ್ರತಾ ಪರೀಕ್ಷೆ ದಾಟಿಯೇ ಮಾರುಕಟ್ಟೆಗೆ ಬರಬೇಕೆಂಬ ಕೇಂದ್ರದ ನಿಯಮ 2025ರ ಏಪ್ರಿಲಿನಿಂದ ಜಾರಿಯಲ್ಲಿದೆ. ಕಂಬದ ಡಬ್ಬಿಯನ್ನು ಮುಚ್ಚುವ ಕೆಲಸ ಮಾತ್ರ ಊರಿನವರದೇ.

ಕೆಲಸ ಮುಗಿಸಿದ ಹುಡುಗರಿಗೆ ಹಣ ಎಣಿಸಿ ಕೊಡುವ ಮುನ್ನ ದೇವಸ್ಥಾನದ ಆಡಳಿತ ಮಂಡಳಿಯವರಾಗಲಿ, ಶಾಲೆಯ ಮುಖ್ಯೋಪಾಧ್ಯಾಯರಾಗಲಿ ಕೆಲವನ್ನು ಕೇಳಿ ಪಡೆಯಬೇಕು. ಖಾಲಿ ಪೋರ್ಟುಗಳನ್ನು ಮುಚ್ಚಿದ್ದೀರಾ, ಪಾಸ್‌ವರ್ಡ್ ಬದಲಿಸಿ ಯಾರ ಕೈಗೆ ಕೊಟ್ಟಿರಿ, ಡಬ್ಬಿಯ ಕೀಲಿ ಎಲ್ಲಿ, ಅರ್ತ್ ಎಲ್ಲಿಗೆ ಇಳಿಸಿದ್ದೀರಿ. ಬೆಳಕು ಅಳೆಯುವ ಮೀಟರಿನಲ್ಲಿ ಕಂಡ ಪ್ರಮಾಣವನ್ನು ತಾರೀಕಿನೊಂದಿಗೆ ಡಬ್ಬಿಯ ಬಾಗಿಲ ಒಳಬದಿಗೆ ಅಳಿಸದ ಪೆನ್ನಿನಲ್ಲಿ ಬರೆಸಿಟ್ಟರೆ, ಮುಂದಿನ ಮಳೆಗಾಲ ಕಳೆದ ಮೇಲೆ ಬರುವವನು ಅದನ್ನೇ ಮತ್ತೆ ಅಳೆದು ಎಷ್ಟು ಕುಸಿದಿದೆ ಎಂದು ನೋಡಿಕೊಳ್ಳಬಹುದು.