ಹಳೆಯ ಪೀಠೋಪಕರಣ ಹಾಗೂ ಕಲಾವಸ್ತುಗಳ ವ್ಯಾಪಾರ: ವರ್ತಕರು ತಿಳಿದಿರಬೇಕಾದ ಕಾಯಿದೆ ಮತ್ತು ತೆರಿಗೆ

ಯಲಬುರ್ಗಾ ಸೀಮೆಯ ಕುಕನೂರಿನಲ್ಲಿದ್ದ ಕಮಲ ಮಹಲಿನ ಮರಗೆಲಸವನ್ನು ನೋಡಬಯಸುವವರು ಇಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಬೇಕು. ವಿಜಯನಾಥ ಶೆಣೈ ಅವರು ಹಾಳಾಗುತ್ತಿದ್ದ ಹಲವು ಮನೆ ಮಹಲುಗಳನ್ನು ಬಿಚ್ಚಿಸಿ ತಂದು ಅಲ್ಲಿ ಮರಳಿ ನಿಲ್ಲಿಸಿದರು. ಆ ಭಾಗ್ಯ ಎಲ್ಲ ಕಟ್ಟಡಗಳಿಗೂ ದೊರೆಯುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಹಳೆಯ ವಾಡೆ ಹಾಗೂ ಪಡಸಾಲೆ ಮನೆಗಳು ಕೆಡವಲ್ಪಟ್ಟಾಗ ಕೆತ್ತನೆಯ ಬಾಗಿಲು, ಸಾಗವಾನಿ ಕಂಬ, ತೊಟ್ಟಿಲು, ಹಿತ್ತಾಳೆಯ ಹಂಡೆ ಮೊದಲಾದವು ತೂಕದ ಲೆಕ್ಕದಲ್ಲಿ ಇಲ್ಲವೇ ಕಟ್ಟಿಗೆಯ ಬೆಲೆಯಲ್ಲಿ ಮಾರಾಟವಾಗುವುದುಂಟು. ತಮಿಳುನಾಡಿನ ಕಾರೈಕುಡಿ, ಕೇರಳದ ಮಟ್ಟಾಂಚೇರಿಗಳಲ್ಲಿ ಇಂತಹ ಸಾಮಗ್ರಿಗಳನ್ನೇ ನೆಚ್ಚಿಕೊಂಡ ಮಾರುಕಟ್ಟೆಗಳು ಬೆಳೆದಿವೆ. ನಮ್ಮ ಭಾಗದ ವರ್ತಕರಿಗೂ ಇದರಲ್ಲಿ ಅವಕಾಶವಿದೆ. ಆದರೆ ಕಾಯಿದೆಯನ್ನು ಅರಿಯದೆ ಕೈಹಾಕಿದಲ್ಲಿ ಬಂಡವಾಳದೊಂದಿಗೆ ಮರ್ಯಾದೆಯೂ ಹೋಗುವ ಅಪಾಯವಿದೆ.

ನೂರು ವರ್ಷದ ಗೆರೆ

ಈ ವ್ಯಾಪಾರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ವಸ್ತುವಿನ ಬೆಲೆಯದಲ್ಲ, ವಯಸ್ಸಿನದು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯು 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಇದರಂತೆ ಕನಿಷ್ಠ ನೂರು ವರ್ಷ ಹಳೆಯದಾದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಹಾಗೂ ಗತಕಾಲದ ಕಲೆ, ಕರಕುಶಲತೆ, ಆಚಾರಗಳನ್ನು ತೋರುವ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಶಾಸ್ತ್ರೀಯ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ.

ಕಟ್ಟಡದಿಂದ ಬೇರ್ಪಡಿಸಿದ ವಸ್ತುಗಳೂ ಈ ವ್ಯಾಖ್ಯೆಯಲ್ಲಿ ಸೇರಿವೆ ಎಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಅಂದರೆ, ನೂರು ವರ್ಷ ದಾಟಿದ ಮನೆಯಿಂದ ಕಿತ್ತ ಕೆತ್ತನೆಯ ಚೌಕಟ್ಟನ್ನು ಕೇವಲ ಹಳೆಯ ಮರವೆಂದು ಭಾವಿಸುವಂತಿಲ್ಲ. ವ್ಯಾಪಾರದ ಭಾಷೆಯಲ್ಲಿ ‘ವಿಂಟೇಜ್’ ಎಂದು ಕರೆಯುವ ನಲವತ್ತು, ಐವತ್ತು, ಎಂಬತ್ತು ವರ್ಷದ ಕುರ್ಚಿ, ಮೇಜು, ಗಡಿಯಾರಗಳು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ವಸ್ತುವು ಪುರಾತನವೇ ಅಲ್ಲವೇ ಎಂಬ ವಿವಾದ ಎದ್ದಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರು ಅಧಿಕಾರ ನೀಡಿದವರ ತೀರ್ಮಾನವೇ ಅಂತಿಮ.

ಲೈಸೆನ್ಸ್, ನೋಂದಣಿ, ರಫ್ತು

ಮೇಲ್ಕಂಡ ಕಾಯಿದೆಯ ಮುಖ್ಯ ಕಟ್ಟಳೆಗಳು ಮೂರು.

1. ಪುರಾತನ ವಸ್ತುಗಳನ್ನು ಮಾರುವ ವ್ಯವಹಾರ ನಡೆಸಲು ಲೈಸೆನ್ಸ್ ಕಡ್ಡಾಯ. ಲೈಸೆನ್ಸ್ ಪಡೆದವರು ನಿಗದಿತ ರೀತಿಯಲ್ಲಿ ದಾಖಲೆ ಪುಸ್ತಕಗಳನ್ನು ಮತ್ತು ಛಾಯಾಚಿತ್ರಗಳನ್ನು ಇಡಬೇಕು.

2. ಕಲ್ಲು, ಸುಟ್ಟ ಮಣ್ಣು, ಲೋಹ, ದಂತ, ಮೂಳೆ ಮತ್ತು ಮರದ ಶಿಲ್ಪಗಳು, ಚಿತ್ರಗಳು ಹಾಗೂ ಸಚಿತ್ರ ಹಸ್ತಪ್ರತಿಗಳು ಪುರಾತನವಾಗಿದ್ದಲ್ಲಿ, ಮನೆಯಲ್ಲಿ ಇಟ್ಟುಕೊಂಡವರೂ ನೋಂದಾಯಿಸಬೇಕು. ಒಡೆತನ ಬದಲಾದಾಗ ಅದನ್ನೂ ನೋಂದಣಾಧಿಕಾರಿಗೆ ತಿಳಿಸಬೇಕು.

3. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಬೇರಾರೂ ಪುರಾತನ ವಸ್ತುಗಳನ್ನು ರಫ್ತು ಮಾಡುವಂತಿಲ್ಲ. ಅಕ್ರಮ ರಫ್ತಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡವಿದೆ.

ಇದಲ್ಲದೆ ರಾಜಾ ರವಿವರ್ಮ, ರವೀಂದ್ರನಾಥ ಟ್ಯಾಗೋರ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಮುಂತಾದ ಕೆಲವು ದಿವಂಗತ ಕಲಾವಿದರ ಕೃತಿಗಳು ಕಲಾ ನಿಧಿಗಳೆಂದು ಘೋಷಿತವಾಗಿವೆ. ನೂರು ವರ್ಷವಾಗದಿದ್ದರೂ ಅವುಗಳ ರಫ್ತಿಗೆ ನಿರ್ಬಂಧವಿದೆ.

ಕೊಳ್ಳಲೇಬಾರದ ವಸ್ತುಗಳು

ಕೆಲವು ವಸ್ತುಗಳನ್ನು ಎಷ್ಟೇ ಅಗ್ಗವಾಗಿ ದೊರೆತರೂ ಮುಟ್ಟಬಾರದು. ಮೊದಲನೆಯದು ದೇವಸ್ಥಾನದ ವಾಹನ, ಉತ್ಸವಮೂರ್ತಿ, ದೀಪಸ್ತಂಭ ಇತ್ಯಾದಿ. ಇವು ದೇವರ ಸ್ವತ್ತು. ಅರ್ಚಕರಾಗಲಿ, ಊರಿನ ಹಿರಿಯರಾಗಲಿ ತಮ್ಮ ಇಚ್ಛೆಯಿಂದ ಮಾರಲು ಬರುವುದಿಲ್ಲ. ಎರಡನೆಯದು ಸ್ಮಾರಕಗಳ ಬಿಡಿ ಶಿಲ್ಪಗಳು. ಕ್ರಿ.ಶ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ, ಕನಕಗಿರಿಯ ಕನಕಾಚಲಪತಿ ದೇವಾಲಯ, ಆನೆಗೊಂದಿಯ ಪರಿಸರ ಇವೆಲ್ಲ ಇರುವ ಜಿಲ್ಲೆಯಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಮೂರನೆಯದು ಅಡಿಪಾಯ ಅಗೆಯುವಾಗ ಸಿಕ್ಕ ನಾಣ್ಯ, ವಿಗ್ರಹಗಳು. 1962ರ ಕರ್ನಾಟಕ ನಿಧಿ ಕಾಯಿದೆಯಂತೆ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ವರದಿ ಮಾಡಬೇಕೇ ಹೊರತು ಬಚ್ಚಿಡುವುದಾಗಲಿ, ಮಾರುವುದಾಗಲಿ ಸಲ್ಲದು. ನಾಲ್ಕನೆಯದು ಆನೆದಂತದ ವಸ್ತುಗಳು. ವನ್ಯಜೀವಿ ಕಾಯಿದೆಯ 1986 ಮತ್ತು 1991ರ ತಿದ್ದುಪಡಿಗಳ ನಂತರ ದೇಶೀಯ ಹಾಗೂ ಆಮದು ದಂತಗಳೆರಡರ ವ್ಯಾಪಾರವೂ ನಿಷಿದ್ಧ. ಅಜ್ಜನ ಕಾಲದ್ದೆಂಬ ಸಮಜಾಯಿಷಿ ಇಲ್ಲಿ ನಡೆಯದು.

ಸರಕು ಮತ್ತು ಸೇವಾ ತೆರಿಗೆ

ನೂರು ವರ್ಷ ಮೀರಿದ ಪುರಾತನ ವಸ್ತುಗಳು, ಕೈಯಿಂದ ರಚಿಸಿದ ಚಿತ್ರಗಳು ಹಾಗೂ ಮೂಲ ಶಿಲ್ಪಗಳ ಮೇಲಿನ ತೆರಿಗೆಯನ್ನು 22-9-2025ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಆದರೆ ನೂರು ವರ್ಷವಾಗದ ಮರದ ಪೀಠೋಪಕರಣಗಳಿಗೆ ಶೇ. 18ರ ದರವೇ ಮುಂದುವರಿದಿದೆ. ತೆರಿಗೆ ಉಳಿಸುವ ಆಸೆಯಿಂದ ಅರವತ್ತು ವರ್ಷದ ಮಂಚವನ್ನು ಪುರಾತನವೆಂದು ಬಿಲ್ಲಿನಲ್ಲಿ ಬರೆದರೆ, ಅದೇ ಬಿಲ್ಲು ಲೈಸೆನ್ಸ್ ಇಲ್ಲದೆ ಪುರಾತನ ವಸ್ತು ಮಾರಿದ್ದಕ್ಕೆ ಸಾಕ್ಷಿಯಾಗಬಹುದು.

ಹಳೆಯ ಸರಕಿನ ವರ್ತಕರಿಗೆ ಕಾಯಿದೆಯಲ್ಲಿಯೇ ನ್ಯಾಯವಾದ ದಾರಿಯೊಂದಿದೆ. ಕೇಂದ್ರ ಜಿಎಸ್‌ಟಿ ನಿಯಮ 32(5)ರಂತೆ ಬಳಸಿದ ಸರಕನ್ನು ಕೊಂಡು ಮಾರುವವರು ಪೂರ್ತಿ ಮಾರಾಟ ಬೆಲೆಯ ಮೇಲಲ್ಲದೆ, ಕೊಂಡ ಬೆಲೆ ಹಾಗೂ ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಷರತ್ತುಗಳು ಎರಡು: ಆ ಸರಕಿನ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು, ಸರಕಿನ ಸ್ವರೂಪ ಬದಲಾಗದಷ್ಟು ಸಣ್ಣ ದುರಸ್ತಿ ಮಾತ್ರ ಮಾಡಿರಬೇಕು.

ಗಂಗಾವತಿಯ ವರ್ತಕರೊಬ್ಬರು ಮನೆಯೊಂದರಿಂದ ಸಾಗವಾನಿ ಬೆಂಚನ್ನು ರೂ. 12,000ಕ್ಕೆ ಕೊಂಡು, ಪಾಲಿಶ್ ಮಾಡಿಸಿ ರೂ. 20,000ಕ್ಕೆ (ತೆರಿಗೆ ಹೊರತುಪಡಿಸಿ) ಮಾರಿದರೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಲೆಕ್ಕದಲ್ಲಿ ತೆರಿಗೆ ರೂ. 3,600. ಅಂತರದ ಲೆಕ್ಕದಲ್ಲಿ ರೂ. 8,000ದ ಮೇಲೆ ಶೇ. 18ರಂತೆ ರೂ. 1,440 ಮಾತ್ರ. ಆದರೆ ಬೆಂಚನ್ನು ಬಿಚ್ಚಿ ಅದೇ ಮರದಿಂದ ಕಪಾಟು ಮಾಡಿ ಮಾರಿದಲ್ಲಿ ಈ ಸೌಲಭ್ಯ ದೊರೆಯದು. ಕೊಂಡದ್ದಕ್ಕೆ ಚೀಟಿ ಇಲ್ಲದಿದ್ದಲ್ಲಿ ಅಂತರವನ್ನು ಸಾಬೀತುಪಡಿಸುವುದೂ ಅಸಾಧ್ಯ.

ಆದಾಯ ತೆರಿಗೆ

ಮನೆಯವರು ಸ್ವಂತಕ್ಕೆ ಬಳಸಿದ ಮಂಚ, ಕುರ್ಚಿ, ಪಾತ್ರೆಗಳು ವೈಯಕ್ತಿಕ ಬಳಕೆಯ ಚರ ವಸ್ತುಗಳಾಗಿರುವುದರಿಂದ ಅವುಗಳ ಮಾರಾಟದ ಮೇಲೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಚಿತ್ರ, ಶಿಲ್ಪ, ಪುರಾತತ್ವ ಸಂಗ್ರಹ ಹಾಗೂ ಯಾವುದೇ ಕಲಾಕೃತಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಇವನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದಲ್ಲಿ ಲಾಭದ ಮೇಲೆ ಶೇ. 12.5ರ ತೆರಿಗೆ ಇದೆ. 1-4-2001ಕ್ಕಿಂತ ಮೊದಲಿನಿಂದ ಕುಟುಂಬದಲ್ಲಿರುವ ವಸ್ತುವಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಎಂದು ಪರಿಗಣಿಸಬಹುದು. ವರ್ತಕರಿಗಾದರೋ ಇದು ದಾಸ್ತಾನು. ಲಾಭವೆಲ್ಲ ವ್ಯವಹಾರದ ಆದಾಯ. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದಾಗಿ ಪಾವತಿಸಿದಲ್ಲಿ ಆ ಖರ್ಚು ಸಾಮಾನ್ಯವಾಗಿ ಅಮಾನ್ಯವಾಗುವುದೆಂಬುದನ್ನು ಮರೆಯಬಾರದು.

ಕಿನ್ನಾಳದ ಪಾಠ

ಕೊಪ್ಪಳದ ಸಮೀಪದ ಕಿನ್ನಾಳ ಗ್ರಾಮದ ಚಿತ್ರಗಾರ ಕುಟುಂಬಗಳ ಕಲೆ ವಿಜಯನಗರ ಕಾಲದ ಪರಂಪರೆಯೊಂದಿಗೆ ಗುರುತಿಸಿಕೊಂಡಿದೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟು ಸೇರಿದ ‘ಕಿಟ್ಟ’ದಿಂದ ಜೋಡಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಬಣ್ಣ ಹಚ್ಚಿ, ತವರದಿಂದ ಹೊಳಪು ತರುವ ಈ ವಿಧಾನ ಸಂಗ್ರಾಹಕರಿಗೆ ಪ್ರಿಯವಾದುದು. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆತಿದೆ. ಮರದ ಗೊಂಬೆಗಳ ಮೇಲಿನ ತೆರಿಗೆಯೂ ಈಗ ಶೇ. 5.

ಹೊಸ ಗರುಡ ವಿಗ್ರಹಕ್ಕೆ ಹೊಗೆ ಹಿಡಿಸಿ, ಬಣ್ಣ ಕೆರೆದು, ಇನ್ನೂರು ವರ್ಷದ್ದೆಂದು ಮಾರುವ ಆಸೆ ಹುಟ್ಟುವುದು ಇಂತಹ ಕಡೆಯಲ್ಲಿಯೇ. ಇದರಿಂದ ಗಿರಾಕಿಗೆ ಮೋಸ, ಕಲಾವಿದನ ಹೆಸರಿಗೆ ಕುತ್ತು. ಬೇರೆಡೆ ತಯಾರಾದ ಗೊಂಬೆಯನ್ನು ಕಿನ್ನಾಳದ್ದೆಂದು ಮಾರಿದಲ್ಲಿ 1999ರ ಭೌಗೋಳಿಕ ಸೂಚನೆಗಳ ಕಾಯಿದೆಯಡಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ಅದೇ ವಿಗ್ರಹವನ್ನು ಹೊಸದೆಂದೇ ಹೇಳಿ, ಮಾಡಿದವರ ಹೆಸರು ಹಾಗೂ ವರ್ಷ ಬರೆದ ಚೀಟಿಯೊಡನೆ ಮಾರಿದರೆ ಲೈಸೆನ್ಸಿನ ಗೋಜಿಲ್ಲ, ಪುರಾತನ ವಸ್ತು ಕಾಯಿದೆಯ ರಫ್ತು ನಿರ್ಬಂಧವೂ ಅದಕ್ಕಿಲ್ಲ.

ಅನುಸರಿಸಬೇಕಾದ ಕ್ರಮ

ಹಳೆಯ ವಸ್ತುವನ್ನು ಕೊಳ್ಳುವಾಗ ಮಾರಿದವರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ವಸ್ತು ಅವರಲ್ಲಿಗೆ ಬಂದ ಬಗೆ ಹಾಗೂ ಅಂದಾಜು ವಯಸ್ಸನ್ನು ಬರೆಯಿಸಿ ಸಹಿ ಪಡೆಯಬೇಕು. ಕೆಡವುವ ಮನೆಯಾದಲ್ಲಿ ಬಾಗಿಲು, ಕಂಬಗಳನ್ನು ಕೀಳುವ ಮೊದಲೇ ಛಾಯಾಚಿತ್ರ ತೆಗೆಸಿಡುವುದು ಉತ್ತಮ. ಪ್ರತಿ ವಸ್ತುವಿಗೂ ಸಂಖ್ಯೆ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕ ಪುಟ ತೆರೆಯಬೇಕು. ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ ಮಾರುವ ಮೊದಲೇ ಪುರಾತತ್ವ ಇಲಾಖೆಯ ಅಭಿಪ್ರಾಯ ಪಡೆಯುವುದು ಲೇಸು.

ಹೊಸ ಸರಕಿನಲ್ಲಿ ಕಾರ್ಖಾನೆಯ ಹೆಸರೇ ಭರವಸೆ. ಹಳೆಯ ಸರಕಿಗೆ ಅಂತಹ ಹೆಸರಿಲ್ಲ. ಅದರ ಪೂರ್ವಾಪರದ ದಾಖಲೆಯೇ ಅದರ ಬೆಲೆ. ಈ ದಾಖಲೆಯನ್ನು ಶ್ರದ್ಧೆಯಿಂದ ಇಟ್ಟ ವರ್ತಕನಿಗೆ ದೂರದ ಸಂಗ್ರಾಹಕರೂ ನಂಬಿ ಹೆಚ್ಚಿನ ಬೆಲೆ ಕೊಡುತ್ತಾರೆ. ಕಟ್ಟಿಗೆಯ ಬೆಲೆಗೆ ಹೋಗುತ್ತಿದ್ದ ಬಾಗಿಲಿಗೆ ತಕ್ಕ ಬೆಲೆ ಬಂದಾಗ ಅದನ್ನು ಮಾರಿದ ಮನೆಯವರಿಗೂ ಅದರಲ್ಲಿ ನ್ಯಾಯವಾದ ಪಾಲು ಸಲ್ಲುತ್ತದೆ.